ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಲ್ಯಾಬ್‌ನ ಪಟ್ಟಿ ಬೇಕು

ಸಿಇಟಿ ಸೀಟು ಖಚಿತವಾಗುತ್ತಿದ್ದಂತೆ ಮನೆಯಲ್ಲಿ ಏಳುವ ಮುಂದಿನ ಪ್ರಶ್ನೆ, ‘ಯಾವ ಲ್ಯಾಪ್‌ಟಾಪ್ ತಗೊಳ್ಳೋದು?’ ನಮ್ಮ ಬೂದಿಗೆರೆಯಂಥ ಊರುಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಡೇರಿಗೆ ಹಾಕಿದ ಹಾಲಿನ ದುಡ್ಡೋ, ಚೀಟಿ ಹಣವೋ, ಇಎಂಐಯೋ ಸೇರಿ ನಾಲ್ಕು ವರ್ಷಕ್ಕೆ ಒಂದೇ ಸಲ ಆಗುವ ಖರೀದಿ ಅದು. ಆಯ್ಕೆ ತಪ್ಪಿದರೆ ಇನ್ನೊಂದು ಕೊಳ್ಳುವ ಶಕ್ತಿ ಹೆಚ್ಚಿನ ಮನೆಗಳಿಗೆ ಇರುವುದಿಲ್ಲ. ಮೊದಲೆಲ್ಲ ರ‍್ಯಾಮ್ ಎಷ್ಟು, ಸ್ಟೋರೇಜ್ ಎಷ್ಟು ಎಂದು ಕೇಳಿದರೆ ಸಾಕಿತ್ತು. ಈಗ ಅದಕ್ಕೂ ಮೊದಲು ಕೇಳಬೇಕಾದ್ದು ಒಂದಿದೆ: ಒಳಗಿರುವುದು ಎಕ್ಸ್86 ಚಿಪ್ಪೋ, ಆರ್ಮ್ ಚಿಪ್ಪೋ?

ಇಂಟೆಲ್ ಮತ್ತು ಎಎಂಡಿ ಚಿಪ್‌ಗಳು ಎಕ್ಸ್86 ಬಗೆಯವು. ನಮ್ಮ ಜೇಬಿನ ಮೊಬೈಲಿನಲ್ಲಿ ಇರುವುದು ಆರ್ಮ್. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಕಂಪನಿಯಲ್ಲಿ 1985ರಲ್ಲಿ ಮೊದಲ ಆರ್ಮ್ ಚಿಪ್ ಸಿದ್ಧವಾಯಿತು. ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಜೋಡಣೆಯಾಗುವ ಐಫೋನ್ ಒಳಗಿರುವುದೂ ಆರ್ಮ್ ಆಧಾರಿತ ಚಿಪ್ಪೇ. 2020ರ ನವೆಂಬರ್‌ನಲ್ಲಿ ಆಪಲ್ ಎಂ1 ಚಿಪ್‌ನೊಂದಿಗೆ ಮ್ಯಾಕ್‌ಗಳನ್ನು ಈ ಕಡೆಗೆ ತಿರುಗಿಸಿತು. 2024ರ ಜೂನ್‌ನಲ್ಲಿ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬಂದವು. ಅಂಗಡಿಯಲ್ಲಿ ಇವು ಇಂಟೆಲ್ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲೇ ಕೂತಿರುತ್ತವೆ. ಅದೇ ವಿಂಡೋಸ್ 11, ಅದೇ ಕೀಲಿಮಣೆ. ಕೇಳಿದರೆ ‘ಎಲ್ಲಾ ಓಡುತ್ತೆ’ ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ನಿಜವಿರುವ ಭಾಗವನ್ನು ಮೊದಲು ನೋಡೋಣ. ಆರ್ಮ್ ಲ್ಯಾಪ್‌ಟಾಪ್‌ಗಳು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಹೊತ್ತು ನಡೆಯುತ್ತವೆ, ಬೇಗ ಬಿಸಿಯಾಗುವುದಿಲ್ಲ. ಬೆಳಿಗ್ಗೆ ಬಸ್ ಹತ್ತಿ ಸಂಜೆ ಊರಿಗೆ ಮರಳುವ, ಮಳೆ ಬಂದರೆ ಕರೆಂಟ್ ಹೋಗುವ ಕಡೆ ಓದುವವರಿಗೆ ಇದು ದೊಡ್ಡ ಅನುಕೂಲ. ಬ್ರೌಸರ್, ಆಫೀಸ್, ವಿಎಸ್ ಕೋಡ್, ಪೈಥಾನ್, ಗಿಟ್ ಎಲ್ಲಕ್ಕೂ ಆರ್ಮ್‌ಗೆಂದೇ ತಯಾರಾದ ಆವೃತ್ತಿಗಳಿವೆ. ವೆಬ್ ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್, ಪ್ರಾಜೆಕ್ಟ್ ರಿಪೋರ್ಟ್ ಇಷ್ಟೇ ಕೆಲಸವಿದ್ದರೆ ಚಿಪ್ ಯಾವುದೆಂಬುದು ನೆನಪಿಗೂ ಬರುವುದಿಲ್ಲ.

ದುಭಾಷಿ ಎಲ್ಲಿಯವರೆಗೆ?

ಎಕ್ಸ್86ಗೆ ಬರೆದ ತಂತ್ರಾಂಶದ ಆದೇಶಗಳು ಆರ್ಮ್ ಚಿಪ್‌ಗೆ ಅರ್ಥವಾಗುವುದಿಲ್ಲ. ನಡುವೆ ಒಬ್ಬ ದುಭಾಷಿ ಬೇಕು. ವಿಂಡೋಸ್‌ನಲ್ಲಿ ಆ ಕೆಲಸವನ್ನು ಪ್ರಿಸಮ್ ಮಾಡುತ್ತದೆ, ಮ್ಯಾಕ್‌ನಲ್ಲಿ ರೊಸೆಟ್ಟಾ 2. ತೆಲುಗಿನಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ಕೂತವರು ಕನ್ನಡಕ್ಕೆ ಮಾಡಿ ಹೇಳಿದ ಹಾಗೆ. ಮಾತು ತಲುಪುತ್ತದೆ, ಸ್ವಲ್ಪ ತಡವಾಗುತ್ತದೆ. ಸಣ್ಣ ತಂತ್ರಾಂಶಗಳಲ್ಲಿ ಈ ತಡ ಗೊತ್ತೇ ಆಗುವುದಿಲ್ಲ.

ಆದರೆ ಡ್ರೈವರ್‌ಗಳ ವಿಷಯದಲ್ಲಿ ಈ ದುಭಾಷಿ ಕೆಲಸಕ್ಕೆ ಬರುವುದಿಲ್ಲ. ಪ್ರಿಂಟರ್, ಬೆರಳಚ್ಚು ಸಾಧನ, ಮೈಕ್ರೊಕಂಟ್ರೋಲರ್ ಬೋರ್ಡಿನ ಯುಎಸ್‌ಬಿ ಚಿಪ್ ಇವುಗಳ ಡ್ರೈವರ್ ಕಾರ್ಯಾಚರಣಾ ವ್ಯವಸ್ಥೆಯ ಒಳಮನೆಯಲ್ಲಿ ಕೆಲಸ ಮಾಡುತ್ತದೆ. ಅದನ್ನು ಆರ್ಮ್‌ಗೆಂದೇ ಬರೆದಿರಬೇಕು. ಬರೆದಿಲ್ಲವಾದರೆ ಆ ಸಾಧನ ನಿಮ್ಮ ಲ್ಯಾಪ್‌ಟಾಪಿನ ಪಾಲಿಗೆ ಇಲ್ಲದಂತೆಯೇ. ವರ್ಚುವಲ್ ಮಷೀನ್‌ಗಳ ಕಥೆಯೂ ಹೆಚ್ಚುಕಡಿಮೆ ಇದೇ. ಎಕ್ಸ್86 ಲಿನಕ್ಸ್‌ನಲ್ಲಿ ಸಿದ್ಧಪಡಿಸಿದ ಲ್ಯಾಬ್ ಇಮೇಜ್ ಆರ್ಮ್ ಯಂತ್ರದಲ್ಲಿ ಹಾಗೇ ತೆರೆದುಕೊಳ್ಳುವುದಿಲ್ಲ.

ಯಾವ ಬ್ರ್ಯಾಂಚ್, ಯಾವ ತೊಂದರೆ?

ಎಂಜಿನಿಯರಿಂಗ್ ಓದುವವರಿಗೆ ತೊಂದರೆ ಶುರುವಾಗುವುದು ಇಲ್ಲೇ. ವಿಟಿಯು ಪಠ್ಯಕ್ರಮದ ಕಂಪ್ಯೂಟರ್ ಏಡೆಡ್ ಎಂಜಿನಿಯರಿಂಗ್ ಡ್ರಾಯಿಂಗ್‌ಗೆ ಅನೇಕ ಕಾಲೇಜುಗಳಲ್ಲಿ ಬಳಸುವ ಸಾಲಿಡ್ ಎಡ್ಜ್‌ಗೆ ಮ್ಯಾಕ್ ಆವೃತ್ತಿಯೇ ಇಲ್ಲ. ಆಟೊಕ್ಯಾಡ್‌ಗೆ ಮ್ಯಾಕ್ ಆವೃತ್ತಿ ಇದೆ; ಆದರೆ ಆರ್ಮ್ ವಿಂಡೋಸ್‌ಗೆ ಬೆಂಬಲವಿಲ್ಲ. ಸಾಲಿಡ್‌ವರ್ಕ್ಸ್‌ಗೆ ಎಕ್ಸ್86 ವಿಂಡೋಸೇ ಬೇಕು. ಎಲೆಕ್ಟ್ರಾನಿಕ್ಸ್‌ನವರ ವಿವಾಡೊ ಮ್ಯಾಕ್‌ಗೆ ಸಿಗುವುದಿಲ್ಲ. ಮ್ಯಾಟ್‌ಲ್ಯಾಬ್ ಮಾತ್ರ 2023ರ ಎರಡನೇ ಆವೃತ್ತಿಯಿಂದ ಆಪಲ್ ಚಿಪ್‌ಗಳಲ್ಲಿ ನೇರವಾಗಿ ಓಡುತ್ತದೆ. ಎಐ ಕಲಿಯುವವರಿಗೆ ಬೇಕಾದ ಎನ್ವಿಡಿಯಾದ ಕೂಡಾ, ಈಗಿನ ಮ್ಯಾಕ್ ಮತ್ತು ಸ್ನ್ಯಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಕ್ಲೌಡ್ ಮೊರೆ ಹೋಗಬೇಕು.

ಬೆಂಬಲವಿಲ್ಲ ಎಂದರೆ ತೆರೆಯುವುದೇ ಇಲ್ಲ ಎಂದಲ್ಲ. ತೆರೆದರೂ ತೆರೆಯಬಹುದು. ಆದರೆ ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ರಾತ್ರಿ ಕೈಕೊಟ್ಟರೆ ಕೇಳುವವರು ಯಾರೂ ಇರುವುದಿಲ್ಲ.

ಇದರಲ್ಲೊಂದು ತಮಾಷೆಯೂ ಇದೆ. ವಿಟಿಯುನ ಮೈಕ್ರೊಕಂಟ್ರೋಲರ್ ಲ್ಯಾಬ್‌ನಲ್ಲಿ ನಮ್ಮ ಸೀನಿಯರ್‌ಗಳು ಕಲಿತದ್ದು ಆರ್ಮ್7 ಚಿಪ್‌ನ ಪ್ರೋಗ್ರಾಮಿಂಗ್. ಅದಕ್ಕೆ ಬಳಸುವ ಕೀಲ್ ತಂತ್ರಾಂಶ ಆರ್ಮ್ ಕಂಪನಿಯದ್ದೇ. ಆದರೂ ಆ ಕೀಲ್ ಮೈಕ್ರೊವಿಷನ್ ವಿಂಡೋಸ್‌ಗೆ ಮಾತ್ರ ಇದೆ. ಆರ್ಮ್ ಕಲಿಯಲು ಆರ್ಮ್ ಚಿಪ್ಪಿನ ಮ್ಯಾಕ್ ತಂದವರು ಲ್ಯಾಬ್‌ನ ಹಳೆಯ ಡೆಸ್ಕ್‌ಟಾಪ್ ಮುಂದೆಯೇ ಕೂರಬೇಕು.

ಕೆಲಸ ಹುಡುಕುವವರೂ ಗಮನಿಸಬೇಕು. ಕ್ಯಾಂಪಸ್ ನೇಮಕಾತಿಯ ಆನ್‌ಲೈನ್ ಪರೀಕ್ಷೆಗಳಲ್ಲಿ ನಿಗಾ ಇಡುವ ತಂತ್ರಾಂಶ ಹಾಕಿಕೊಳ್ಳಲು ಹೇಳುತ್ತಾರೆ. ಅದು ನಿಮ್ಮ ಯಂತ್ರದಲ್ಲಿ ನಡೆಯುತ್ತದೆಯೇ ಎಂಬುದನ್ನು ಲಿಂಕ್ ಬಂದ ದಿನವೇ ಪರೀಕ್ಷಿಸಿಕೊಳ್ಳಿ. ಗ್ರಾಮ ಒನ್ ಅಥವಾ ಜೆರಾಕ್ಸ್ ಅಂಗಡಿ ತೆರೆಯುವ ಯೋಚನೆಯಿದ್ದರೆ ಬೆರಳಚ್ಚು ಸಾಧನ, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಮೂರಕ್ಕೂ ಆರ್ಮ್ ಡ್ರೈವರ್ ಇದೆಯೇ ನೋಡಬೇಕು. ಕನ್ನಡ ಟೈಪಿಂಗ್ ಬಗ್ಗೆ ಆತಂಕ ಬೇಡ. ವಿಂಡೋಸ್, ಮ್ಯಾಕ್ ಎರಡರಲ್ಲೂ ಯೂನಿಕೋಡ್ ಕನ್ನಡ ಕೀಲಿಮಣೆ ಒಳಗೇ ಇದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಡಿಟಿಪಿ ಮಾಡುವವರು ಮಾತ್ರ ತಮ್ಮ ತಂತ್ರಾಂಶವನ್ನು ಹಾಕಿ ನೋಡಿಯೇ ಕೊಳ್ಳುವುದು ಒಳ್ಳೆಯದು.

ಇಷ್ಟನ್ನೆಲ್ಲ ಪಿಯುಸಿ ಮುಗಿಸಿದ ಹುಡುಗನೋ ಹುಡುಗಿಯೋ, ಅವರ ಅಪ್ಪ ಅಮ್ಮನೋ ತಿಳಿದಿರಬೇಕೆಂದು ನಿರೀಕ್ಷಿಸುವುದು ನ್ಯಾಯವೇ? ಲ್ಯಾಬ್‌ನಲ್ಲಿ ಯಾವ ತಂತ್ರಾಂಶ ಬಳಸುತ್ತಾರೆ ಎಂಬುದು ಕಾಲೇಜಿಗೆ ಮೊದಲೇ ಗೊತ್ತಿರುತ್ತದೆ. ಶುಲ್ಕದ ವಿವರ, ಸಮವಸ್ತ್ರದ ಬಣ್ಣ ಎಲ್ಲವನ್ನೂ ಪ್ರವೇಶದ ದಿನವೇ ಕೊಡುತ್ತಾರೆ. ಅದರ ಜೊತೆ ಬ್ರ್ಯಾಂಚ್‌ವಾರು ಒಂದು ಪುಟದ ಪಟ್ಟಿ ಕೊಡುವುದು ಕಷ್ಟವಲ್ಲ: ನಾಲ್ಕು ವರ್ಷದಲ್ಲಿ ಬಳಸುವ ತಂತ್ರಾಂಶಗಳು, ಪ್ರತಿಯೊಂದರ ಮುಂದೆ ಎಕ್ಸ್86 ವಿಂಡೋಸ್, ಆರ್ಮ್ ವಿಂಡೋಸ್, ಮ್ಯಾಕ್, ಲಿನಕ್ಸ್ ಇವುಗಳಲ್ಲಿ ಯಾವುದರಲ್ಲಿ ಓಡುತ್ತದೆ ಎಂಬ ಗುರುತು. ವಿಟಿಯು ತನ್ನ ಪಠ್ಯಕ್ರಮದ ಜೊತೆಗೇ ಇದನ್ನು ಸೇರಿಸಿದರೆ ಇನ್ನೂ ಒಳ್ಳೆಯದು.

ಸಾಧ್ಯವಿರುವ ಕಡೆ ಚಿಪ್‌ಗೆ ಅಂಟಿಕೊಳ್ಳದ ತಂತ್ರಾಂಶಗಳನ್ನೂ ಲ್ಯಾಬ್‌ನಲ್ಲಿ ಒಪ್ಪಬೇಕು. ಆಕ್ಟೇವ್, ಫ್ರೀಕ್ಯಾಡ್, ಕೈಕ್ಯಾಡ್‌ಗಳು ಮುಕ್ತ ತಂತ್ರಾಂಶಗಳು. ಮುಂಬೈ ಐಐಟಿಯ ‘ಫಾಸೀ’ ಯೋಜನೆ ಇಂಥವನ್ನು ಕಾಲೇಜುಗಳಿಗೆ ಮುಟ್ಟಿಸಲೆಂದೇ ಇದೆ. ಬದಲಾವಣೆ ಆರ್ಮ್‌ಗೇ ನಿಲ್ಲುವುದೂ ಇಲ್ಲ. 2025ರಲ್ಲಿ ನಮ್ಮ ಕಿಯೋನಿಕ್ಸ್ ಪರಿಚಯಿಸಿದ ‘ಕಿಯೊ’ ಕಂಪ್ಯೂಟರ್‌ನಲ್ಲಿರುವುದು ರಿಸ್ಕ್-ಫೈವ್ ಎಂಬ ಮೂರನೆಯ ಬಗೆ. ಸರ್ಕಾರವೇ ಹೊಸ ಚಿಪ್‌ನ ಕಂಪ್ಯೂಟರ್ ತರುತ್ತಿರುವಾಗ ಲ್ಯಾಬ್‌ಗಳು ಒಂದೇ ಚಿಪ್ಪನ್ನು ನಂಬಿ ಕೂರಲಾಗದು.

ಆ ಪಟ್ಟಿ ಬರುವವರೆಗೆ ನಾವೇ ಮಾಡಿಕೊಳ್ಳಬೇಕಾದ ಕೆಲಸ ಮೂರು. ಒಂದು, ನಿಮ್ಮ ಬ್ರ್ಯಾಂಚ್‌ನ ಮೂರನೇ ವರ್ಷದ ಸೀನಿಯರ್ ಬಳಿ ಲ್ಯಾಬ್ ತಂತ್ರಾಂಶಗಳ ಹೆಸರು ಬರೆಸಿಕೊಳ್ಳಿ. ಎರಡು, ಪ್ರತಿಯೊಂದರ ಅಧಿಕೃತ ಜಾಲತಾಣದಲ್ಲಿ ಯಾವ ಚಿಪ್‌ಗೆ ಬೆಂಬಲವಿದೆ ಎಂದು ಓದಿ. ಮೂರು, ಅಂಗಡಿಯಲ್ಲಿ ವಿಂಡೋಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಮ್, ಅಬೌಟ್ ತೆರೆದು ‘ಸಿಸ್ಟಮ್ ಟೈಪ್’ ಸಾಲು ನೋಡಿ. ಆರ್ಮ್ ಎಂದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಪಟ್ಟಿಯಲ್ಲಿರುವ ಎಲ್ಲವೂ ಅದರಲ್ಲಿ ಓಡುವುದಾದರೆ ಧೈರ್ಯವಾಗಿ ಕೊಳ್ಳಿ, ಬ್ಯಾಟರಿ ನಿಮ್ಮನ್ನು ಕಾಪಾಡುತ್ತದೆ. ಒಂದೆರಡು ಓಡದಿದ್ದರೆ, ಆ ಕೆಲಸಕ್ಕೆ ಕಾಲೇಜಿನ ಲ್ಯಾಬ್ ತರಗತಿ ಮುಗಿದ ಮೇಲೂ ತೆರೆದಿರುತ್ತದೆಯೇ ಎಂದು ಕೇಳಿ. ಇರುವುದಿಲ್ಲ ಎಂದಾದರೆ ಸದ್ಯಕ್ಕೆ ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪೇ ಸಾಕು.