ಮುಂದಿನ ರವಿವಾರ ಏನು?

2025ರ ಅಕ್ಟೋಬರ್‌ನಲ್ಲಿ ಪಂಕಜ್ ಧೀರ್ ಎಂಬ ನಟರು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂತು. ಬರೀ ಹೆಸರು ಹೇಳಿದರೆ ನಮ್ಮ ಕಡೆ ಯಾರಿಗೂ ಗುರುತು ಹತ್ತುವುದಿಲ್ಲ. "ಟೀವಿಯೊಳಗಿನ ಕರ್ಣ ಹೋದ" ಎಂದು ಹೇಳಿ ನೋಡಿ, ನಲವತ್ತೈದು ದಾಟಿದವರೆಲ್ಲ ಕೈಯಲ್ಲಿನ ಚಹಾ ಕೆಳಗಿಟ್ಟು "ಅಯ್ಯ ಶಿವನ, ಯಾವಾಗ?" ಎನ್ನುತ್ತಾರೆ.

ಮರು ತಿಂಗಳು ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಆದದ್ದೂ ಅದೇ. ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ಬ್ಯಾಂಕಿಗೆ ಹೋಗಿ ಸಹಿ ಹಾಕಬೇಕು, ಮಕ್ಕಳೇ. (ಅದೆಲ್ಲ ಮೊಬೈಲಿನಲ್ಲೇ ಆಗುತ್ತದೆ ಎಂದು ನನ್ನ ಮೊಮ್ಮಗಳು ಹೇಳುತ್ತಾಳೆ. ಆಗಬಹುದು. ಮೊಬೈಲಿನಲ್ಲಿ ಬೆಂಚು ಇಲ್ಲವಲ್ಲ, ಬೆಂಚಿನ ಮೇಲೆ ಗೆಳೆಯರಿಲ್ಲವಲ್ಲ.) ಕೌಂಟರಿನ ಆಚೆ 33 ವರ್ಷ ಕೂತು ಎದ್ದವನು ಈಗ ಈಚೆ ಕೂತಿದ್ದೆ. ಪಕ್ಕದಲ್ಲಿ ಕಲಘಟಗಿ ಕಡೆಯ ನಿವೃತ್ತ ಮಾಸ್ತರರು, ಕುಂದಗೋಳದ ಪೋಸ್ಟ್‌ಮನ್ ಒಬ್ಬರು, ಅಣ್ಣಿಗೇರಿಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದ ಅಕ್ಕನವರು. ಕರ್ಣನ ಸುದ್ದಿ ಎದ್ದದ್ದೇ ತಡ, ಟೋಕನ್ ನಂಬರ್ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಮಾತು ಸುತ್ತಿ ಸುತ್ತಿ ಕೊನೆಯ ರವಿವಾರಕ್ಕೆ ಬಂದು ನಿಂತಿತು. 1990ರ ಜೂನ್ 24. ಅಂದು ಟೀವಿಯಲ್ಲಿ ಮಹಾಭಾರತ ಮುಗಿದಿತ್ತು.

ಆಗ ಟೀವಿ ಎಂದರೆ ನಮಗೆ ದೂರದರ್ಶನ ಒಂದೇ. ವಾರಕ್ಕೊಮ್ಮೆ, ರವಿವಾರ ಮುಂಜಾನೆ, ಒಂದೇ ಕಂತು. ತಪ್ಪಿದರೆ ತಪ್ಪಿತು, ಹಿಂದಕ್ಕೆ ಸರಿಸಿ ನೋಡುವ ಗುಂಡಿ ಇರಲಿಲ್ಲ. ಬಿ.ಆರ್. ಚೋಪ್ರಾ ತಯಾರಿಸಿ ಅವರ ಮಗ ರವಿ ಚೋಪ್ರಾ ನಿರ್ದೇಶಿಸಿದ ಆ ಧಾರಾವಾಹಿ 1988ರ ಗಾಂಧಿ ಜಯಂತಿಯ ದಿನ ಶುರುವಾಗಿ 94 ಕಂತು ನಡೆಯಿತು. ಮಾತುಗಳನ್ನು ಬರೆದವರು ಉತ್ತರ ಪ್ರದೇಶದ ಗಾಜೀಪುರ ಸೀಮೆಯ ಲೇಖಕ ರಾಹಿ ಮಾಸೂಮ್ ರಜಾ. ಕಥೆ ಹೇಳುವ ಕೆಲಸವನ್ನು ಅವರು ಯಾವ ಋಷಿಗೂ ಕೊಡಲಿಲ್ಲ, 'ಕಾಲ'ಕ್ಕೇ ಕೊಟ್ಟರು. ಹರೀಶ್ ಭಿಮಾನಿಯವರ ಆ ಗಂಭೀರ ದನಿ ಶುರುವಾದರೆ ಓಣಿಯ ಕೂಸುಗಳೂ ಅಳು ನಿಲ್ಲಿಸುತ್ತಿದ್ದವು. ಭೀಮನಾಗಿದ್ದ ಪ್ರವೀಣ್ ಕುಮಾರ್ ಸೋಬ್ತಿ ನಿಜಕ್ಕೂ ಬಲಶಾಲಿಯೇ. 1966 ಮತ್ತು 1970ರ ಏಷ್ಯನ್ ಕ್ರೀಡಾಕೂಟಗಳ ಡಿಸ್ಕಸ್ ಎಸೆತದಲ್ಲಿ ಚಿನ್ನ ಗೆದ್ದವರು. ಕೃಷ್ಣನಾದ ನಿತೀಶ್ ಭಾರದ್ವಾಜ್ ಓದಿದ್ದು ದನಕರುಗಳ ವೈದ್ಯಕೀಯ. ಇದನ್ನು ಪೇಪರಿನಲ್ಲಿ ಓದಿ ಹೇಳಿದಾಗ ನಮಗೆ ಹಾಲು ಹಾಕುವ ಗೌಳಿ, "ಮತ್ತೇನ್ರಿ, ಗೋಪಾಲ ಅಂದಮ್ಯಾಲ ದನದ ಡಾಕ್ಟರನ ಇರಬೇಕಲ್ರಿ" ಎಂದಿದ್ದ.

ನಾನು ಆಗ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಶಾಖೆಯಲ್ಲಿದ್ದೆ. ನಮ್ಮದು ಕಪ್ಪು ಬಿಳುಪು ಟೀವಿ. ಕೃಷ್ಣ, ಶಕುನಿ ಇಬ್ಬರದೂ ಒಂದೇ ಬಣ್ಣ. ರವಿವಾರ ಮುಂಜಾನೆ ಪಡಸಾಲೆಯಲ್ಲಿ ನಲವತ್ತು ಮಂದಿ, ಕಿಟಕಿಯ ಹೊರಗೆ ಹತ್ತು. ಕೆಲವರು ಚಪ್ಪಲಿ ಹೊರಗೆ ಬಿಟ್ಟು, ಟೀವಿಗೆ ಕೈ ಮುಗಿದು ಕೂಡುತ್ತಿದ್ದರು. ಲೈಟು ಹೋದರೆ ಎಂದು ಒಬ್ಬರು ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಇಟ್ಟಿರುತ್ತಿದ್ದರು. ಬ್ಯಾಟರಿ ಇದ್ದರೂ ಒಮ್ಮೊಮ್ಮೆ "ರುಕಾವಟ್ ಕೇ ಲಿಯೇ ಖೇದ್ ಹೈ" ಎಂಬ ಬೋರ್ಡು ಬರುತ್ತಿತ್ತು. ಅದಕ್ಕೆ ಯಾವ ಬ್ಯಾಟರಿಯೂ ಇಲ್ಲ.

ಹಿಂದಿ ಯಾರಿಗೆ ಬರುತ್ತಿತ್ತು? ಅದೇ ಸೊಗಸು. ಹಿರಿಯರಿಗೆ ಕಥೆ ಗೊತ್ತು, ಭಾಷೆ ಗೊತ್ತಿಲ್ಲ. ಸಾಲಿ ಹುಡುಗರಿಗೆ ಭಾಷೆ ಅಷ್ಟಿಷ್ಟು ಗೊತ್ತು, ಕಥೆ ಗೊತ್ತಿಲ್ಲ. ನಮ್ಮ ಅವ್ವನಿಗೆ ದುಭಾಷಿ ಎಂದರೆ ಎದುರು ಮನೆಯ ಆರನೆಯತ್ತೆಯ ಹುಡುಗಿ. ಅವ್ವನ ತೊಡೆಗೆ ಒರಗಿ ಕೂತು ಸಾಲು ಸಾಲಾಗಿ ಕನ್ನಡ ಮಾಡುತ್ತಿದ್ದಳು. ಆದರೆ ಆ ಹಿಂದಿ ಪುಸ್ತಕದ ಹಿಂದಿ; ವಚನ, ಪ್ರತಿಜ್ಞೆ, ಧರ್ಮ, ಸಿಂಹಾಸನ ಇಂಥವೇ ತುಂಬಿದ್ದವು. ಹೀಗಾಗಿ ದೊಡ್ಡ ದೊಡ್ಡ ಮಾತು ಅವ್ವನಿಗೆ ತಿಳಿಯುತ್ತಿತ್ತು, ನಡುವಿನ ಸಣ್ಣ ಮಾತು ಹುಡುಗಿಗೆ. ಇಬ್ಬರೂ ಕೂಡಿ ಒಂದು ವಾಕ್ಯ ಮುಗಿಸುತ್ತಿದ್ದರು. ಹುಡುಗರು ಮಾತ್ರ 'ಪಿತಾಶ್ರೀ', 'ಮಾತಾಶ್ರೀ' ಕಲಿತುಬಿಟ್ಟಿದ್ದರು. "ಮಾತಾಶ್ರೀ, ರೊಟ್ಟಿ ಕೊಡು" ಎಂದು ಕೂಗುವ ಮನೆಗಳು ಓಣಿಯಲ್ಲಿ ನಾಲ್ಕಾದರೂ ಇದ್ದವು. 2020ರ ಲಾಕ್‌ಡೌನಿನಲ್ಲಿ ಅದೇ ಹಳೆಯ ಮಹಾಭಾರತ ಮತ್ತೆ ಬಂತು. ಹೊಸ ಮಹಾಭಾರತವೊಂದು ಕನ್ನಡ ಮಾತಿನಲ್ಲೇ ಬಂತು. ನನ್ನ ಮೊಮ್ಮಗಳು ಅದನ್ನು ಯಾರ ಸಹಾಯವೂ ಇಲ್ಲದೆ ನೋಡಿದಳು. ಒಳ್ಳೆಯದೇ ಆಯಿತು. ನನಗೆ ಮಾತ್ರ ಅವ್ವನ ತೊಡೆ ನೆನಪಾಗುತ್ತಿತ್ತು.

ಕೊನೆಯ ದಿನದ ವಿಷಯಕ್ಕೆ ಬರುತ್ತೇನೆ. ಕಲಘಟಗಿ ಮಾಸ್ತರರ ಊರು ಗುಡ್ಡ ಕಾಡಿನ ಸೆರಗಿನಲ್ಲಿದೆ. ಬಿದಿರು ಗಳಕ್ಕೆ ಆಂಟೆನಾ ಕಟ್ಟಿ ಹಂಚಿನ ಮೇಲೆ ನಿಲ್ಲಿಸಿದ್ದರು. ಅಂದು ಗಾಳಿ ಮಳೆ; ಗಳ ತಿರುಗಿದರೆ ಚಿತ್ರ ಹೋಗುತ್ತದೆ. ಅವರ ತಮ್ಮ ಗೊಪ್ಪೆ ಹೊದ್ದು ಮೇಲೆ ಹತ್ತಿ, ಗಳವನ್ನು ಅಪ್ಪಿ ಹಿಡಿದು, ಪೂರ್ತಿ ಕಂತು ಅಲ್ಲೇ ಕೂತ. ಮೇಲಿನಿಂದ "ಏನಾತು?" ಎಂದು ಅವನು ಕೂಗುವುದು, ಕೆಳಗಿನಿಂದ ಇವರು ಹೇಳುವುದು. "94 ಕಂತಿನೊಳಗ ಅಂವಾ ಕೊನೀದು ಒಂದು ನೋಡಲಿಲ್ಲ ನೋಡ್ರಿ, ಬರೇ ಕೇಳಿದ" ಎಂದರು ಮಾಸ್ತರರು. ಆ ತಮ್ಮ ಈಗಿಲ್ಲ ಎಂದು ಆಮೇಲೆ ತಿಳಿಯಿತು.

ಕುಂದಗೋಳದ ಪೋಸ್ಟ್‌ಮನ್ನರದು ಚುಟುಕು ಕಥೆ. ಬಸ್ಸು ನಿಂತಿತ್ತು, ಡ್ರೈವರ್ ಹೋಟೆಲಿನ ಟೀವಿ ಮುಂದಿದ್ದ, ಪ್ರಯಾಣಿಕರೂ ಅಲ್ಲೇ ಇದ್ದರು; ಹೀಗಾಗಿ ತಡವಾಯಿತೆಂದು ತಕರಾರು ಮಾಡುವವರೇ ಇರಲಿಲ್ಲ.

ನರ್ಸ್ ಅಕ್ಕನವರಿಗೆ ಅಂದು ಡ್ಯೂಟಿ. ಟೀವಿಯಲ್ಲಿ ಭೀಷ್ಮರು ಪ್ರಾಣ ಬಿಡುವ ಹೊತ್ತಿಗೆ ಸರಿಯಾಗಿ ಇಲ್ಲಿ ಗಂಡು ಮಗು ಹುಟ್ಟಿತಂತೆ. ಕೂಸಿನ ಅಜ್ಜಿಗೆ ದಿಗಿಲು: ಅಂಥ ಹಿರಿಯ ಜೀವ ಹೋದ ಗಳಿಗೆಯಲ್ಲಿ ಹುಟ್ಟಿದೆ, ಒಳ್ಳೆಯದಾಗುತ್ತದೋ ಇಲ್ಲವೋ? "ಪರೀಕ್ಷಿತ ಅಂತ ಹೆಸರಿಡ್ರಿ. ಎಲ್ಲಾರೂ ಹೋದಮ್ಯಾಲ ರಾಜ್ಯ ಆಳಿದಾಂವ ಅವನ ಅಲ್ಲೇನು?" ಎಂದು ಇವರು ಸಮಾಧಾನ ಹೇಳಿದರಂತೆ. ಮಹಾಭಾರತ ಬಲ್ಲ ನರ್ಸು ಊರಿಗೊಬ್ಬರಿರಬೇಕು ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಓಣಿಯಲ್ಲಿ ಎರಡು ದಿನದ ಹಿಂದಷ್ಟೇ ಮಣ್ಣೆತ್ತಿನ ಅಮವಾಸ್ಯೆ ಆಗಿತ್ತು. ಹುಡುಗರು ಎರೆಮಣ್ಣಿನ ಎತ್ತುಗಳನ್ನು ಆ ವರ್ಷ ಬೆಂಕಿಪೊಟ್ಟಣದ ರಥಕ್ಕೆ ಹೂಡಿ ಟೀವಿ ಕೆಳಗೆ ಸಾಲಾಗಿ ನಿಲ್ಲಿಸಿದ್ದರು. ಅರ್ಜುನನ ರಥಕ್ಕೆ ಕುದುರೆಯಲ್ಲವೇ ಎಂದು ಕೇಳಿದರೆ, "ನಮ್ಮೂರ ಅರ್ಜುನಗ ಎತ್ತು" ಎಂದರು. ಅವತ್ತು ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಧರ್ಮರಾಯನಿಗೆ ಪಟ್ಟವಾಗಿದೆ, ಬಾಣದ ಹಾಸಿಗೆಯ ಮೇಲೆ ಮುಕೇಶ್ ಖನ್ನಾ ಅವರ ಭೀಷ್ಮ ಮಲಗಿದ್ದಾರೆ, ರಾಜನಾದವನು ಹೇಗಿರಬೇಕೆಂದು ಮೊಮ್ಮಗನಿಗೆ ಹೇಳುತ್ತಿದ್ದಾರೆ, ಆಮೇಲೆ ಕಣ್ಣು ಮುಚ್ಚಿದರು. ಅಷ್ಟೇ. ನಮ್ಮ ದೊಡ್ಡಾಟದಲ್ಲಾದರೆ ಸತ್ತ ದುರ್ಯೋಧನ ಬೆಳಗಾಗುತ್ತಲೇ ಎದ್ದು, ಬಣ್ಣ ಒರೆಸಿಕೊಂಡು, ನಮ್ಮ ಜೊತೆ ಚಹಾ ಕುಡಿಯುತ್ತಾನೆ. ಇಲ್ಲಿ ಭೀಷ್ಮರು ಏಳಲಿಲ್ಲ. ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗ ಕೇಳಿದ: "ಹಂಗಾರ ಮುಂದಿನ ರವಿವಾರ ಏನು?"

"ಏನೂ ಇಲ್ಲ, ಮುಗೀತು" ಎಂದೆ ನಾನು.

ಮೂಲೆಯಿಂದ ಅವ್ವ, "ಎಲ್ಲೆ ಮುಗೀತು? ಇನ್ನೂ ಬೇಕಾದಷ್ಟು ಐತಿ" ಎಂದಳು.

ಅವ್ವನ ಮಾತು ನಿಜ. ವ್ಯಾಸರ ಭಾರತ 18 ಪರ್ವ. ಯುದ್ಧ ಮುಗಿದ ಮೇಲೂ ಕಥೆ ಬಹಳ ದೂರ ಹೋಗುತ್ತದೆ. ಆದರೆ ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪಂಚಾಯ್ತಿ ಚೋಪ್ರಾ ಅವರಿಂದ ಶುರುವಾದದ್ದಲ್ಲ. ನಮ್ಮ ಜಿಲ್ಲೆಯಲ್ಲೇ ಸಾವಿರ ವರ್ಷದಿಂದ ನಡೆದಿದೆ. ಅಣ್ಣಿಗೇರಿಯ ನಂಟಿನ ಪಂಪ ಕ್ರಿ.ಶ. 941ರಲ್ಲಿ ಬರೆದ ಭಾರತವನ್ನು ಅರ್ಜುನನಿಗೆ ಪಟ್ಟ ಕಟ್ಟಿ ಮುಗಿಸಿದ. ಪಕ್ಕದಲ್ಲಿ ಪಟ್ಟದ ರಾಣಿಯಾಗಿ ಕೂತವಳು ಸುಭದ್ರೆ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನೆಂದು ಹಾಡಿದ ಕವಿ ಇನ್ನೇನು ಮಾಡಿಯಾನು? ಮುಧೋಳದ ರನ್ನ ಪಟ್ಟವನ್ನು ಭೀಮನಿಗೆ ಕಟ್ಟಿದ, ಪಕ್ಕದಲ್ಲಿ ದ್ರೌಪದಿ. ಇಲ್ಲೇ ಕೋಳಿವಾಡದಲ್ಲಿ ಹುಟ್ಟಿ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಹಾಡಿದ ಕುಮಾರವ್ಯಾಸ ಧರ್ಮರಾಯನಿಗೆ ಕಟ್ಟಿ, ಹತ್ತೇ ಪರ್ವಕ್ಕೆ ನಿಲ್ಲಿಸಿದ. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ಒಂದೇ ಸಿಂಹಾಸನ, ಮೂವರು ಕನ್ನಡ ಕವಿಗಳು, ಮೂವರು ಬೇರೆ ಬೇರೆ ರಾಜರು! ಪರೀಕ್ಷೆಯಲ್ಲಿ ಬಂದರೆ ತಪ್ಪಬೇಡಿ, ಮಕ್ಕಳೇ.

ಗುಡಿಯಲ್ಲಿ ಭಾರತ ಓದಿಸುವವರೂ ಪಟ್ಟಾಭಿಷೇಕಕ್ಕೆ ಮಂಗಳ ಹಾಡುವುದೇ ಹೆಚ್ಚು. ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ಸೀಮೆ ನಮ್ಮದು. ಆದರೆ ಮುಂದಿನ ಸಾವುಗಳನ್ನು ಯಾರು ಮನೆಯೊಳಗೆ ಓದಿಸುತ್ತಾರೆ? ಅಕ್ಷರ ಬಾರದ ಅವ್ವ ಅದೆಲ್ಲವನ್ನೂ ಹಿರಿಯರ ಬಾಯಲ್ಲಿ ಕೇಳಿ ಬಲ್ಲಳು, ನಮಗೆ ಮಾತ್ರ ಎಂದೂ ಹೇಳಿರಲಿಲ್ಲ. "ಪಟ್ಟ ಆತು, ಮಲಕೋರಿ" ಎಂದು ದೀಪ ಸಣ್ಣ ಮಾಡುತ್ತಿದ್ದಳು.

ಮುಂದಿನ ರವಿವಾರ ಅದೇ ಹೊತ್ತಿಗೆ ಹುಡುಗರು ಬಂದು ಕೂತರು. ರೂಢಿ, ಏನು ಮಾಡುವುದು. ಟೀವಿ ಹಚ್ಚಲಿಲ್ಲ. ಅವ್ವ ಗೋಡೆಗೆ ಒರಗಿ, ಕಾಲು ಚಾಚಿ, ಅಂದು ಮೊದಲ ಸಲ ಅದನ್ನು ಹೇಳಿದಳು. ಮುದುಕರಾದ ಧೃತರಾಷ್ಟ್ರ, ಗಾಂಧಾರಿ, ಕುಂತಿ ಅಡವಿಗೆ ಹೋಗಿ ಕಾಡ್ಗಿಚ್ಚಿನಲ್ಲಿ ತೀರಿದ್ದು. ಯಾದವರು ತಮ್ಮತಮ್ಮಲ್ಲೇ ಬಡಿದಾಡಿ ಸತ್ತದ್ದು. ಗಿಡದ ಕೆಳಗೆ ಮಲಗಿದ್ದ ಕೃಷ್ಣನ ಅಂಗಾಲನ್ನು ಜಿಂಕೆ ಎಂದು ತಿಳಿದು ಬೇಡ ಬಾಣ ಬಿಟ್ಟದ್ದು, ದ್ವಾರಕೆ ನೀರಲ್ಲಿ ಮುಳುಗಿದ್ದು. ಹುಡುಗರು ತುಟಿ ಪಿಟಕ್ ಅನ್ನಲಿಲ್ಲ. ಪರೀಕ್ಷಿತನಿಗೆ ರಾಜ್ಯ ಕೊಟ್ಟು ಪಾಂಡವರು ನಾರು ಬಟ್ಟೆ ಉಟ್ಟು ಹಿಮದ ಗುಡ್ಡ ಏರುತ್ತಾರೆ. ಹಿಂದೊಂದು ನಾಯಿ. ಮೊದಲು ಬಿದ್ದವಳು ದ್ರೌಪದಿ. ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮ. ಧರ್ಮರಾಯ ಹೊರಳಿ ನೋಡದೆ ನಡೆದ. ಇಂದ್ರ ರಥ ತಂದು ನಾಯಿಯನ್ನು ಬಿಟ್ಟು ಬಾ ಎಂದರೆ, ನಂಬಿದ ಜೀವ ಬಿಟ್ಟು ಸ್ವರ್ಗ ಬೇಡ ಎಂದ.

ಹುಡುಗರಿಗೆ ನಾಯಿಯ ಖುಷಿ. ದುಭಾಷಿ ಹುಡುಗಿ ಮಾತ್ರ ಅವ್ವನ ತೊಡೆಯಿಂದ ತಲೆ ಎತ್ತಿದಳು.

"ಆಯಿ, ಆಕಿ ಬಿದ್ದಾಗ ಐದು ಮಂದಿಯೊಳಗ ಒಬ್ಬರೂ ನಿಂದರಲಿಲ್ಲೇನು?"

"ಯಾಕ ಬಿದ್ದಳು ಅಂತ ಭೀಮ ಕೇಳಿದವ್ವಾ. ಅರ್ಜುನನ ಮ್ಯಾಲ ಹೆಚ್ಚು ಮಾಯೆ ಇತ್ತು, ಅದಕ್ಕ ಅಂದ ಧರ್ಮರಾಯ."

"ಕೇಳಿ ಮತ್ತ ಮುಂದ ನಡದರು?"

"ನಡದರು."

"ನಾಯಿ ಸಲುವಾಗಿ ಸ್ವರ್ಗ ಬ್ಯಾಡ ಅಂದಾಂವ ಆಕಿ ಸಲುವಾಗಿ ಯಾಕ ನಿಂದರಲಿಲ್ಲ?"

ನಾನು ಏನೋ ವೈರಾಗ್ಯ, ಗೀತೆ ಎಂದು ಶುರು ಮಾಡಿದೆ. ಅವ್ವ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು.

"ನಾನೂ ನಮ್ಮತ್ತೀನ ಇದನ್ನ ಕೇಳಿದ್ದೆ. ಸುಮ್ನ ರೊಟ್ಟಿ ಬಡಿ ಅಂದ್ರು." ಹುಡುಗಿಯ ಜಡೆ ಸರಿಮಾಡುತ್ತ, ಬಹಳ ಹೊತ್ತಿನ ಮೇಲೆ ಕೇಳಿದಳು: "ನೀ ಆದ್ರ ಹೆಂಗ ಹೇಳತಿದ್ದಿ?"

ಹುಡುಗಿ ಟೀವಿಯ ಕೆಳಗಿನ ಮಣ್ಣೆತ್ತುಗಳನ್ನು ನೋಡುತ್ತ ಯೋಚಿಸಿದಳು. ಒಂದರ ಕೋಡು ಮುರಿದಿತ್ತು.

"ನಾಯಿ ಹೊಳ್ಳಿ ಬಂತು" ಎಂದಳು. "ಆಕಿ ಹಂತ್ಯಾಕ ಬಂದು ಕುಂತಿತು."

"ಹೂಂ," ಎಂದಳು ಅವ್ವ, "ಮುಂದ?"