ಒಂದೇ ಲಾಗಿನ್, ಹತ್ತು ಕೈ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಕಚೇರಿಗಳಲ್ಲಿ, ಸಿಮೆಂಟ್ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ಮುಂದೆ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ಅವರ ಮೇಲಿರುವ ಸಾಹೇಬರೇ, ಒಂದೇ ಲಾಗಿನ್‌ನಲ್ಲಿ ಹಲವರು ಕೆಲಸ ಮಾಡುವ ರೂಢಿ ನಿಲ್ಲಿಸಿ.

ನಮ್ಮ ತೊಗರಿ ಹೊಲಗಳ ಪಹಣಿ ಇರುವುದು ‘ಭೂಮಿ’ ಎಂಬ ಸರ್ಕಾರಿ ಭೂದಾಖಲೆ ವ್ಯವಸ್ಥೆಯಲ್ಲಿ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದಾಗ, ದಾಖಲೆ ತಿದ್ದುವವರು ಬೆರಳಚ್ಚು ಒತ್ತಿಯೇ ಒಳಹೋಗಬೇಕೆಂದು ಕಟ್ಟು ಮಾಡಿದರು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಡಬಹುದು, ಬೆರಳನ್ನು ಕೊಡಲಾಗದು. ತಿದ್ದಿದವರು ಯಾರೆಂದು ಕೇಳುವ ಹಕ್ಕು ರೈತನಿಗೆ ಉಳಿದದ್ದು ಇಂಥ ಕಟ್ಟಿನಿಂದ. ಆದರೆ ಎಲ್ಲ ಕಡೆಯೂ ಹೀಗಿಲ್ಲ. 2019ರಲ್ಲಿ ರಾಜ್ಯದ ಟೆಂಡರ್‌ಗಳ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಹಾಕಿ 11 ಕೋಟಿ ರೂಪಾಯಿಗೂ ಹೆಚ್ಚು ಹಣ ದೋಚಲಾಯಿತು. ಸರ್ಕಾರದ ಸರ್ವರ್ ತಾನಾಗಿಯೇ ಭದ್ರ ಎಂದು ನಂಬಿ ಕೂರುವಂತಿಲ್ಲ.

ಹಾಗೆಂದು ಎಲ್ಲಕ್ಕೂ ಬೀಗ ಜಡಿಯುವುದು ಭದ್ರತೆಯಲ್ಲ. ಹಲವರು ಹಂಚಿಕೊಳ್ಳುವ ಸರ್ವರ್‌ನಲ್ಲಿ ಲೆಕ್ಕ ತೆಗೆಯುವ ಹುಡುಗಿಗೆ, ನಿಂತುಹೋದ ಸರ್ವಿಸನ್ನು ಮತ್ತೆ ಶುರುಮಾಡುವ ಅಧಿಕಾರವೂ ಇಲ್ಲವೆಂದರೆ ಆಕೆ ಸಾಹೇಬರ ಪಾಸ್‌ವರ್ಡ್ ಕೇಳುತ್ತಾಳೆ. ಅವರೂ ಕೊಡುತ್ತಾರೆ. ಅಲ್ಲಿಗೆ ಭದ್ರತೆ ಮುಗಿಯಿತು. ಇದಕ್ಕೆಂದೇ ಲಿನಕ್ಸ್‌ನಲ್ಲಿ ಸುಡೊ ಎಂಬ ಸಾಧನವಿದೆ. ಯಾರಿಗೆ ಯಾವ ಕಮಾಂಡ್ ಎಂದು ಒಂದೊಂದಾಗಿ ಬರೆದು ಕೊಡಬಹುದು. ಬರೆಯುವಾಗ ಎಚ್ಚರ ಬೇಕು. ಎಲ್ಲಕ್ಕೂ ಮೇಲಿನ ರೂಟ್ ಅಧಿಕಾರದಲ್ಲಿ ವಿಮ್‌ನಂಥ ಒಂದು ಎಡಿಟರ್ ತೆರೆಯಲು ಬಿಟ್ಟರೂ ಅದರೊಳಗಿಂದಲೇ ಶೆಲ್ ತೆಗೆದು ಇಡೀ ಸರ್ವರನ್ನು ಕೈಗೆ ತೆಗೆದುಕೊಳ್ಳಬಹುದು. ಯಾರು ಏನು ಮಾಡಿದರೆಂದು ಬರೆದಿಡುವ ಲಾಗ್‌ಗಳನ್ನು ಬೇರೆ ಯಂತ್ರಕ್ಕೆ ಕಳಿಸಿ. ಅವನ್ನು 180 ದಿನ ಕಾಪಿಡಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಆದೇಶಿಸಿದೆ.

ನನ್ನ ಸಂಕಟ ಇರುವುದು ಹೊರಗುತ್ತಿಗೆ ಆಪರೇಟರ್‌ನ ಬಗ್ಗೆ. ಹತ್ತು ಕೈ ಆಡಿದ ಲಾಗಿನ್‌ನಲ್ಲಿ ದಾಖಲೆಯ ಒಂದು ಸಾಲು ಕಾಣೆಯಾದರೆ ಮೊದಲು ಮನೆಗೆ ಹೋಗುವವನು ಅವನೇ. ತಾನು ಮಾಡಿಲ್ಲವೆಂದು ತೋರಿಸಲು ಅವನ ಹತ್ತಿರ ಕಾಗದವಿಲ್ಲ, ಸಾಕ್ಷಿಯಿಲ್ಲ. ಅವನ ಹೆಸರಿನದೇ ಖಾತೆ, ಅದರದೇ ಲಾಗ್ ಇದ್ದಿದ್ದರೆ ಅದೇ ಅವನ ಪರ ಮಾತಾಡುತ್ತಿತ್ತು. ಭದ್ರತೆಯ ನಿಯಮವನ್ನು ಬಡವನ ಮೇಲಿನ ಕಾವಲು ಎಂದೇ ಇಷ್ಟು ದಿನ ನೋಡಿದ್ದೇವೆ. ಸರಿಯಾಗಿ ಜಾರಿಯಾದರೆ ಅದು ಅವನಿಗೇ ಮೊದಲ ರಕ್ಷೆ.

ಸಾಹೇಬರೇ, ನಾಳೆ ಕಚೇರಿಗೆ ಹೋದ ಕೂಡಲೇ ಮೊದಲು ನಿಮ್ಮ ಪಾಸ್‌ವರ್ಡ್ ಬದಲಿಸಿ. ಆಮೇಲೆ ನಿಮ್ಮ ಕೈಕೆಳಗಿನ ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಖಾತೆ, ಅವರ ಕೆಲಸಕ್ಕೆ ಬೇಕಾದಷ್ಟು ಅಧಿಕಾರ ಕೊಡಿಸಿ.