ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಾವು ಇಂಗ್ಲಿಷ್ ಸಾಹಿತ್ಯ ಓದಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಖರೀದಿಯ ಕಡತಗಳನ್ನು ನೋಡಿಕೊಂಡಿರುವವರು. ಲೋಹಶಾಸ್ತ್ರ ನಮ್ಮ ವಿಷಯವಲ್ಲ. ಆದರೂ ಟೆಂಡರಿನ ಒಂದು ಷರತ್ತು ನಮ್ಮನ್ನು ಅದರ ಬಾಗಿಲಿಗೆ ಕರೆದೊಯ್ದಿತು. ನಿಕ್ಕಲ್ ಲೇಪಿಸಿದ ಹಿತ್ತಾಳೆಯ ಬಿಡಿಭಾಗಗಳನ್ನು ಪೂರೈಸಿದ ಸಣ್ಣ ಕಾರ್ಖಾನೆಯೊಂದರ ಬಿಲ್ಲು ತಿಂಗಳುಗಟ್ಟಲೆ ಬಾಕಿ ನಿಂತಿತ್ತು. ಜಲಜನಕವನ್ನು ಹೊರಹಾಕಲು ಲೇಪನದ ಬಳಿಕ ಕಾಯಿಸಿದ ಪ್ರಮಾಣಪತ್ರ ಇಲ್ಲವೆಂಬುದೇ ಕಾರಣ. ತಡೆಯ ಟಿಪ್ಪಣಿ ಬರೆದವರು ನಾವೇ.

ಆ ಷರತ್ತು ಹುಟ್ಟಿದ್ದು ಉಕ್ಕಿಗಾಗಿ. ಆಮ್ಲದಲ್ಲಿ ತೊಳೆಯುವಾಗ, ವಿದ್ಯುತ್ತಿನಿಂದ ಲೇಪಿಸುವಾಗ ಲೋಹದ ಮೈಮೇಲೆ ಜಲಜನಕ ಹುಟ್ಟುತ್ತದೆ. ಅದರ ಪರಮಾಣುಗಳು ಗಡಸು ಉಕ್ಕಿನ ಬೋಲ್ಟು, ಸ್ಪ್ರಿಂಗುಗಳೊಳಗೆ ನುಸುಳಿ ಅವನ್ನು ಪೆಡಸಾಗಿಸುತ್ತವೆ. ಭಾರ ಬಿದ್ದ ಕೆಲವು ಗಂಟೆ ಅಥವಾ ದಿನಗಳ ಮೇಲೆ ಅವು ಮುನ್ಸೂಚನೆಯಿಲ್ಲದೆ ಮುರಿಯುತ್ತವೆ. ಆದ್ದರಿಂದಲೇ ಲೇಪನವಾದೊಡನೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯಿಸುವ ಪದ್ಧತಿ. ಹಿತ್ತಾಳೆ, ಕಂಚುಗಳಿಗೆ ಲೇಪನದ ತೊಟ್ಟಿಯಲ್ಲಿ ಈ ಬಾಧೆ ಇಲ್ಲವೆಂದೇ ಹೇಳಬಹುದು. ಆಮ್ಲಜನಕದ ಅಂಶವುಳ್ಳ ತಾಮ್ರವನ್ನು ಜಲಜನಕವಿರುವ ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಒಳಗೇ ನೀರಾವಿ ಹುಟ್ಟಿ ಅದು ಬಿರಿಯುವುದುಂಟು. ಆದರೆ ಅದು ಕುಲುಮೆಯ ಮಾತು, ತೊಟ್ಟಿಯದಲ್ಲ.

ಹಿತ್ತಾಳೆಯ ನಿಜವಾದ ಶತ್ರು ಬೇರೆ. ಬ್ರಿಟಿಷರ ಕಾಲದಲ್ಲಿ ಭಾರತದ ಮಳೆಗಾಲ ಬಂತೆಂದರೆ ಸೇನೆಯ ಹಿತ್ತಾಳೆ ತೋಟಾಗಳು ಇಟ್ಟಲ್ಲೇ ಬಿರಿಯುತ್ತಿದ್ದವು. ಕುದುರೆ ಲಾಯದ ಅಮೋನಿಯಾ, ಗಾಳಿಯ ತೇವ, ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗುವು, ಈ ಮೂರೂ ಸೇರಿದ ಫಲವದು ಎಂಬುದು 1921ರ ಹೊತ್ತಿಗೆ ಸ್ಪಷ್ಟವಾಯಿತು. ಲೇಪನಕ್ಕೆ ಮೊದಲೇ, ಸುಮಾರು 250ರಿಂದ 300 ಡಿಗ್ರಿಯಲ್ಲಿ ಹದವಾಗಿ ಕಾಯಿಸಿ ಆ ಬಿಗುವನ್ನು ಸಡಿಲಿಸುವುದೇ ಮದ್ದು. ನಮ್ಮ ಷರತ್ತುಪತ್ರದಲ್ಲಿ ಬಿಗುವಿನ ಮಾತೂ ಇಲ್ಲ, ಅಮೋನಿಯಾದ ಮಾತೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದದ್ದಷ್ಟೇ ಅಲ್ಲ, ಎಮ್ಮೆಯ ಕಾಯಿಲೆಯನ್ನು ಯಾರೂ ವಿಚಾರಿಸಲೇ ಇಲ್ಲ.

ಎಚ್ಚರಿಕೆ ಒಂದಿಷ್ಟು ಹೆಚ್ಚಾದರೆ ನಷ್ಟವೇನು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕಾರ್ಖಾನೆಯವನ ದುಡ್ಡು, ಇಂಧನ ಒಂದು ನಷ್ಟ. ಕಾಗದವೊಂದು ಕೈಸೇರಿದೊಡನೆ ಕೇಳಬೇಕಾದುದನ್ನೆಲ್ಲ ಕೇಳಿದೆವೆಂಬ ನಮ್ಮ ನೆಮ್ಮದಿ ಅದಕ್ಕಿಂತ ದೊಡ್ಡ ನಷ್ಟ. ಷರತ್ತನ್ನು ಅಳಿಸಿಹಾಕಿ ಎಂದು ನಾವು ಹೇಳುತ್ತಿಲ್ಲ. ಹಿತ್ತಾಳೆಯ ಜೊತೆಗೆ ಲೇಪಿಸಿದ ಗಡಸು ಉಕ್ಕಿನ ಸ್ಪ್ರಿಂಗೊಂದಿದ್ದರೆ ಆ ಸ್ಪ್ರಿಂಗಿಗೆ ಅದು ಇರಲೇಬೇಕು. ಪ್ರತಿ ಷರತ್ತಿನ ಪಕ್ಕದಲ್ಲಿ ಅದು ಯಾವ ಲೋಹಕ್ಕೆ, ಯಾಕೆ ಎಂಬ ಒಂದು ಸಾಲು ಇರಲಿ ಎಂಬುದಷ್ಟೇ ನಮ್ಮ ಮನವಿ.

ಬಿಲ್ಲು ಕೊನೆಗೂ ಪಾವತಿಯಾಯಿತು. ಷರತ್ತು ಮಾತ್ರ ಮುಂದಿನ ಟೆಂಡರಿನಲ್ಲೂ ಹಾಗೆಯೇ ಉಳಿದಿದೆ. ತಡೆಯ ಟಿಪ್ಪಣಿ ಬರೆದ ಕೈಯೇ ತಿದ್ದುಪಡಿಯ ಟಿಪ್ಪಣಿಯನ್ನೂ ಬರೆಯಬೇಕು.